ಬಾವಡಾ ಬಸ್ಸಿನಲ್ಲಿ ಕಲ್ಲವ್ವ

ತುಳಸಿ ಲಗ್ನ ಮುಗಿದ ಮೇಲಿನ ವಾರ, ಗಡಹಿಂಗ್ಲಜದ ಕಲ್ಲವ್ವ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಇಳಿದು ತಪ್ಪು ಸಿಟಿ ಬಸ್ ಹತ್ತಿದಳು. ಆ ಬಸ್ಸಿನ ಕಂಡಕ್ಟರ್ ಕಾಂಚನ, ಹಿಂದಿನ ವರ್ಷದವರೆಗೂ ಅವಳ ಸೊಸೆಯಾಗಿದ್ದವಳು.

ಕೆಲಸದ ದಿನದ ಬೆಳಗು. ಕಾಲೇಜಿನ ಹುಡುಗಿಯರು, ಚಪ್ಪಲಿ ಅಂಗಡಿಗಳ ಕೆಲಸದವರು ಬಸ್ಸಿನ ತುಂಬ ನಿಂತಿದ್ದರು. ಕಾಂಚನ ಟಿಕೆಟ್ ಮಷಿನ್ ಎದೆಗೆ ಒತ್ತಿಕೊಂಡು ಅವರ ನಡುವೆ ದಾರಿ ಮಾಡಿಕೊಳ್ಳುತ್ತ ಬಂದಾಗ, ಮೂರನೆಯ ಸೀಟಿನಲ್ಲಿ ಕಲ್ಲವ್ವ ಕಂಡಳು. ಪೆಟ್ಟಿಗೆಯಿಂದ ತೆಗೆದ ಸೀರೆ, ತೊಡೆಯ ಮೇಲೆ ಕೈಚೀಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಕುಠಂ ಜಾಯಚಂ, ಮಾವಶಿ?” ಎಂದಳು ಕಾಂಚನ, ಎಲ್ಲಿಗೆ ಹೋಗಬೇಕೆಂದು ಎಲ್ಲರನ್ನೂ ಕೇಳುವಂತೆ ಮರಾಠಿಯಲ್ಲಿ.

ಕಲ್ಲವ್ವ ಕಿಟಕಿಯ ಕಡೆ ಮುಖ ತಿರುಗಿಸಿ “ಬಾವಡಾ” ಎಂದಳು.

ಬಸ್ ಹೊರಟಿದ್ದುದು ರಂಕಾಳ ಕೆರೆಯ ಕಡೆಗೆ. ಕಸಬಾ ಬಾವಡಾ ಊರಿನ ಇನ್ನೊಂದು ಮಗ್ಗುಲು. ಮುಂದಿನ ಸ್ಟಾಪಿನಲ್ಲಿ ಇಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೊಣಕಾಲು ಹಿಡಿದ ಈ ಹೆಂಗಸು ಬಿಂದು ಚೌಕದ ಗದ್ದಲದಲ್ಲಿ ರಸ್ತೆ ದಾಟಲಾರಳು ಎಂಬುದು ಕಾಂಚನಳಿಗೆ ಗೊತ್ತಿತ್ತು.

“ಉಲ್ಟಾ ಬಸ್ ಹತ್ತೀರಿ,” ಎಂದಳು ಬಾಗಿ, ಈಗ ಕನ್ನಡದಲ್ಲಿ. “ಇದು ರಂಕಾಳಕ್ಕ ಹೋಗಿ, ಹೊಳ್ಳಿ ಬಾವಡಾಕ ಹೋಗತೈತಿ. ಕುಂತ ಇರ್ರಿ.”

“ಭಾಳ ಹೊತ್ತಾಗತೈತೇನ?”

“ಆಗತೈತಿ.”

ಕಾಂಚನ ಇಚಲಕರಂಜಿಯವಳು. ಮದುವೆಗೆ ಮೊದಲೇ ಈ ನೌಕರಿ ಸಿಕ್ಕಿತ್ತು. ಗಂಡ ಕೇದಾರನ ಅಂಗಡಿ ಗಡಹಿಂಗ್ಲಜದಲ್ಲಿ. ಇವಳು ಕೊಲ್ಹಾಪುರದಲ್ಲಿ ಕೋಣೆ ಹಿಡಿದು, ಸೂಟಿ ಬಂದಾಗ ಅತ್ತೆಮನೆಗೆ ಹೋಗುತ್ತಿದ್ದಳು. ನೌಕರಿ ಬಿಡು ಎಂದರು; ಬಿಡಲಿಲ್ಲ. ಜಗಳವೇನೂ ಆಗಲಿಲ್ಲ. ಒಂದು ಸೋಮವಾರ ಡ್ಯೂಟಿಗೆಂದು ಬಂದವಳು ತಿರುಗಿ ಹೋಗಲಿಲ್ಲ, ಕರೆಯಲು ಯಾರೂ ಬರಲಿಲ್ಲ. ಉಳಿದದ್ದನ್ನು ಕೋರ್ಟು ಮಾಡಿತು.

ರಂಕಾಳದಲ್ಲಿ ಬಸ್ ಖಾಲಿಯಾಯಿತು. ಡ್ರೈವರ್ ಪಾರೀಸ ಚಹಾಕ್ಕೆ ಇಳಿದ. ಕಾಂಚನಳೂ ಇಳಿಯಬಹುದಿತ್ತು. ಇಳಿಯದೆ ಎದುರಿನ ಸೀಟಿನಲ್ಲಿ ಕುಳಿತು ನೀರು ಕುಡಿದಳು.

“ಕೇದಾರಗ ಹೆಣ್ಣ ನೋಡಾಕ ಹೊಂಟೇನಿ,” ಎಂದಳು ಕಲ್ಲವ್ವ. “ಹುಡುಗಿ ದವಾಖಾನ್ಯಾಗ ನರ್ಸ್ ಅದಾಳ.”

“ಚಲೋ ಆತು.”

“ಮೊದಲನೇಕಿ ಯಾಕ ಬಿಟ್ಟು ಹೋದ್ಲು ಅಂತ ಕೇಳ್ಯಾರ. ನಿನ್ನ ಕಡೆ ಬಂದ್ರ ಏನ್ ಹೇಳ್ತಿ?”

“ಆದದ್ದ ಹೇಳ್ತೇನಿ. ನೌಕರಿ ಬಿಡು ಅಂದ್ರಿ, ನಾ ಬಿಡಲಿಲ್ಲ.”

“ಹಂಗ್ಯಾಕ ಹೇಳ್ತಿ? ಹೊಂದಾಣಿಕಿ ಆಗಲಿಲ್ಲ ಅನ್ನು. ಎಲ್ಲಾರೂ ಹಂಗ ಅಂತಾರ.”

ಕಾಂಚನ ಬಾಟಲಿಯ ಮುಚ್ಚಳ ಬಿಗಿದಳು. “ಆ ನರ್ಸಬಾಯಿ ನೌಕರಿನೂ ಬಿಡಸವ್ರ ಅದೀರೇನು?”

ಅಷ್ಟರಲ್ಲಿ ಪಾರೀಸ ಬಂದು ಬಸ್ ಚಾಲೂ ಮಾಡಿದ.

ಬಾವಡಾ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು. ಬಸ್ ಅವುಗಳ ಹಿಂದೆ ತೆವಳಿತು. ಸ್ಟಾಪು ಬಂದಾಗ ಕಾಂಚನ ಕೈಚೀಲ ಹಿಡಿದುಕೊಂಡಳು, ಕಲ್ಲವ್ವ ಒಂದೊಂದೇ ಮೆಟ್ಟಿಲು ಇಳಿದಳು, ಚೀಲ ಇಸಿದುಕೊಂಡು ಹೋದಳು.

ಮಧ್ಯಾಹ್ನ ಇಳಿದ ಮೇಲೆ ಬಸ್ ಮತ್ತೆ ಬಾವಡಾಕ್ಕೆ ಬಂದಾಗ ಕಲ್ಲವ್ವ ಸ್ಟಾಪಿನ ನೆರಳಿನಲ್ಲಿ ಕುಳಿತಿದ್ದಳು. ಅಷ್ಟರಲ್ಲಿ ಬೇರೆ ಬಸ್ಸುಗಳೂ ಬಂದು ಹೋಗಿದ್ದವು. ಹತ್ತಿದವಳು ಕಂಡಕ್ಟರ್ ಸೀಟಿನ ಪಕ್ಕದಲ್ಲೇ ಕುಳಿತಳು.

“ಹೇಳಿ ಬಂದೆ,” ಎಂದಳು.

“ಏನಂತ?”

“ನೌಕರಿ ಬಿಡಸು ಅಂತ ಹಟಾ ಹಿಡದಾಕಿ ನಾನ ಅಂತ. ಕೇದಾರಗ ಅದು ಬೇಕಾಗಿದ್ದಿಲ್ಲ. ನನ್ನ ಮುಂದ ಅಂವಗ ಬಾಯಿ ಬರಲಿಲ್ಲ. ಹುಡುಗಿ ಒಳಗಿಂದ ಎದ್ದು ಬಂದು, ಈಗೇನಂತೀರಿ ಅಂತ ನನ್ನ ಕೇಳಿದ್ಲು.”

“ನೀವೇನಂದ್ರಿ ಅತ್ತಿ?”

“ಈಗ ನಾ ಏನೂ ಅನ್ನಂಗಿಲ್ಲವ್ವಾ ಅಂದೆ. ವಿಚಾರ ಮಾಡಿ ಹೇಳ್ತೇವಿ ಅಂದ್ರು. ಚಹಾ ಕೊಟ್ರು.”

ಕೇದಾರನಿಗೆ ಬೇಕಾಗಿರಲಿಲ್ಲ ಎಂಬ ಮಾತಿಗಾಗಿ ಕಾಂಚನ ಒಂದು ಕಾಲಕ್ಕೆ ದಿನಾ ಕಾದಿದ್ದಳು. ಈಗ ಕೇಳಿದಾಗ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಹತ್ತಿದವನೊಬ್ಬನಿಗೆ ಬೇರೆ ಸ್ಟಾಪಿನ ಟಿಕೆಟ್ ಹರಿದುಕೊಟ್ಟಳು. ಅವನು ಹೇಳಿದ ಮೇಲೆ ಬದಲಿಸಿದಳು.

ಸ್ಟ್ಯಾಂಡಿನಲ್ಲಿ ಗಡಹಿಂಗ್ಲಜದ ಗಾಡಿ ನಿಂತಿತ್ತು. ಕಾಂಚನ ಕೈ ಮಾಡಿ ತೋರಿಸಿದಳು.

“ಬರ್ತೇನವಾ,” ಎಂದಳು ಕಲ್ಲವ್ವ.

“ಹುಷಾರ್ ಹೋಗ್ರಿ.”

ಬಾವಡಾದವರು ಒಪ್ಪಿದರಂತೆ, ಹುಡುಗಿ ನೌಕರಿ ಬಿಡುವುದಿಲ್ಲವಂತೆ ಎಂಬ ಸುದ್ದಿ ಸಂಕ್ರಾಂತಿ ಬರುವಷ್ಟರಲ್ಲಿ ಇಚಲಕರಂಜಿಗೆ ಮುಟ್ಟಿತು. ಕಾಂಚನಳ ತಾಯಿ ಫೋನ್ ಮಾಡಿ ಅತ್ತಳು. ಬಸ್ ಆಗ ರಾಜಾರಾಮಪುರಿ ದಾಟುತ್ತಿತ್ತು. ಸಂಜೆ ಮಾತಾಡುತ್ತೇನೆ ಎಂದು ಕಾಂಚನ ಫೋನ್ ಇಟ್ಟಳು. ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ಬನ್ನಿರೆಂದು ಕೂಗುತ್ತ, ಮಷಿನ್ ಹಿಡಿದು ಹಿಂದಕ್ಕೆ ನಡೆದಳು.