ಎರಡನೇ ಸಲ ಕೇಳದ ಆ್ಯಪ್

ಅಮೆರಿಕದ ಮಿನೆಸೋಟ ರಾಜ್ಯದ ಉತ್ತರ ತುದಿಯ ಲಾರ್ಕ್ ಬೇ ಎಂಬ ಊರಿನಲ್ಲಿ ನವೆಂಬರಿನಲ್ಲಿ ಹಿಮ ಬಿತ್ತೆಂದರೆ ಏಪ್ರಿಲ್‌ವರೆಗೂ ವಯಸ್ಸಾದವರು ರಸ್ತೆಗೆ ಕಾರು ಇಳಿಸುವುದಿಲ್ಲ. ಆದರೆ ಡಯಾಲಿಸಿಸ್ ಹಿಮ ಕರಗಲಿ ಎಂದು ಕಾಯುವುದಿಲ್ಲವಲ್ಲ. ಆಸ್ಪತ್ರೆ ನಲವತ್ತು ಮೈಲಿ ದೂರ. ಚರ್ಚಿನ ಡೋರಿಸ್ ಎಂಬ ಹಿರಿಯರು ಮನೆಮನೆಗೆ ಫೋನ್ ಮಾಡಿ, ಯಾರ ಕಾರಿನಲ್ಲಿ ಯಾರು ಹೋಗುವುದೆಂದು ಗೊತ್ತುಮಾಡುತ್ತಿದ್ದರು. ಒಂದು ಚಳಿಗಾಲದ ನಡುವೆ ಅವರು ಮಗಳ ಊರಿಗೆ ಹೋಗಿ ನೆಲೆಸಿದರು. ಆಮೇಲೆ ಕೇಳುವವರೇ ಇಲ್ಲವಾಯಿತು. ನಿವೃತ್ತ ಶಿಕ್ಷಕಿ ಮಿಸೆಸ್ ಹಾಗನ್ ಎರಡು ಸಲ ಡಯಾಲಿಸಿಸ್‌ಗೆ ಹೋಗಲಾಗದೆ, ಕೊನೆಗೆ ಉಸಿರು ಕಟ್ಟಿ ಆಂಬುಲೆನ್ಸ್ ಹತ್ತಬೇಕಾಯಿತು.

ಅವರ ಹಳೆಯ ಶಿಷ್ಯ ಕರ್ಟ್‌ನ ಮನಸ್ಸಿಗೆ ಇದು ನಾಟಿತು. ಅವನು ಸಾಫ್ಟ್‌ವೇರ್ ಬರೆಯುವವನು. ಮುಂದಿನ ಚಳಿಗಾಲದ ಮೊದಲ ಹಿಮ ಬೀಳುವುದರೊಳಗೆ ಡೋರಿಸ್ ಮಾಡುತ್ತಿದ್ದ ಕೆಲಸವನ್ನೆಲ್ಲ ಮಾಡುವ ಆ್ಯಪ್ ಕಟ್ಟಿಕೊಡುತ್ತೇನೆ ಎಂದು ಊರಿನ ಸಭೆಯಲ್ಲಿ ಎದ್ದು ನಿಂತು ಮಾತು ಕೊಟ್ಟ.

ಅವನ ಹೆಂಡತಿ ಬ್ರಿಟಾಳ ಕಸುಬು ಜನ ಫೋನ್ ಹೇಗೆ ಬಳಸುತ್ತಾರೆಂದು ನೋಡಿ ಪರದೆಗಳನ್ನು ರೂಪಿಸುವುದು. ಗಂಡ ಕೀಲಿಮಣೆ ಮುಟ್ಟುವ ಮೊದಲೇ ಅವಳು ಫೋನಿನಳತೆಗೆ ಕಾಗದ ಕತ್ತರಿಸಿ, ಪೆನ್ಸಿಲ್‌ನಲ್ಲಿ ಆ್ಯಪಿನ ಮಾದರಿ ಬರೆದಿಟ್ಟಿದ್ದಳು. ಮೊದಲು ಇದನ್ನು ಮಿಸೆಸ್ ಹಾಗನ್ ಮುಂದೆ ಇಡೋಣ ಎಂದಳು. ಕರ್ಟ್ ಮೂಗು ಮುರಿದ.

"ಇದೇನು ನರ್ಸರಿ ಮಕ್ಕಳ ಆಟನಾ? ನಂಗೆ ಉಳಿದಿರೋದು ಎಂಟೇ ವಾರ."

"ಎಂಟು ವಾರ ಕಟ್ಟಿದ್ಮೇಲೆ ತಪ್ಪು ಅಂತ ಗೊತ್ತಾದ್ರೆ ಏನ್ ಮಾಡ್ತೀಯ? ಈಗಾದ್ರೆ ರಬ್ಬರ್ ಸಾಕು."

"ತಪ್ಪೋಕೆ ಅದರಲ್ಲೇನಿದೆ? ಕಾರು ಬೇಕಾ ಅಂತ ಕೇಳುತ್ತೆ. ಬೇಕು ಅಂದ್ರೆ ಕಳಿಸುತ್ತೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಕರ್ಟ್‌ನ ಹೆಗ್ಗಣ ಇನ್ನೂ ಹುಟ್ಟಿಯೇ ಇರಲಿಲ್ಲ. ಬ್ರಿಟಾ ಜಗಳಕ್ಕೆ ಹೋಗದೆ, ಒಂದೇ ಒಂದು ಶನಿವಾರ ಕೊಡು ಎಂದಳು. ಜೊತೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು ಎಂಬ ಷರತ್ತನ್ನೂ ಹಾಕಿದಳು.

ಶನಿವಾರ ಮಿಸೆಸ್ ಹಾಗನ್ ಕಾಫಿ, ನಿಂಬೆಯ ಸಿಹಿ ತಂದಿಟ್ಟರು. ಬ್ರಿಟಾ ಕಾಗದದ ಫೋನನ್ನು ಮೇಜಿನ ಮೇಲಿಟ್ಟಳು. ನಿಜವಾದ ಫೋನ್ ಎಂದುಕೊಂಡು ಬೆರಳಿಡಿ, ನಾನು ಹಾಳೆ ಬದಲಿಸುತ್ತೇನೆ, ಇದು ಪರೀಕ್ಷೆ ನಿಮಗಲ್ಲ, ನಮಗೆ ಎಂದು ವಿವರಿಸಿದಳು. ಮೊದಲ ಹಾಳೆಯಲ್ಲಿ ಹೀಗಿತ್ತು: "ಮಂಗಳವಾರ ಆಸ್ಪತ್ರೆಗೆ ಹೋಗಲು ಕಾರು ಬೇಕೆ?" ಕೆಳಗೆ ಎರಡು ಚೌಕ: "ಬೇಕು", "ಬೇಡ".

ಮಿಸೆಸ್ ಹಾಗನ್ ಕನ್ನಡಕ ಏರಿಸಿ ಓದಿದರು. ಮುಗುಳ್ನಕ್ಕು "ಬೇಡ" ಎಂಬುದರ ಮೇಲೆ ಬೆರಳಿಟ್ಟರು.

ಬ್ರಿಟಾ ಮುಂದಿನ ಹಾಳೆ ಇಟ್ಟಳು: "ಆಯಿತು. ಶುಭದಿನ." ಆ ಹಿರಿಯರು ಅದನ್ನು ಸುಮಾರು ಹೊತ್ತು ನೋಡುತ್ತಾ ಕುಳಿತರು. ಆಮೇಲೆ ಹಾಳೆಯನ್ನು ಮೆಲ್ಲಗೆ ಎತ್ತಿ ಹಿಂದೆ ಏನಾದರೂ ಬರೆದಿದೆಯೇ ಎಂದು ಹುಡುಕಿದರು.

ಕರ್ಟ್‌ಗೆ ತಡೆಯಲಾಗಲಿಲ್ಲ. "ಮಂಗಳವಾರ ನಿಮಗೆ ಕಾರು ಬೇಕಲ್ವಾ, ಮಿಸೆಸ್ ಹಾಗನ್?"

"ಬೇಕಪ್ಪ. ಆದ್ರೆ ಕೇಳಿದ ತಕ್ಷಣ ಬೇಕು ಅನ್ನೋಕಾಗುತ್ತಾ? ಅವರಿಗೂ ಅವರ ಕೆಲಸ ಇರುತ್ತೆ. ಡೋರಿಸ್ ಮೂರು ಸಲ ಕೇಳೋಳು."

ಕರ್ಟ್ ಬಾಯಲ್ಲಿದ್ದ ನಿಂಬೆಯ ಸಿಹಿ ಅಲ್ಲೇ ನಿಂತಿತು. ಅದನ್ನೂ ಅವನು ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ತಾನೇ ತೆಗೆದುಕೊಂಡದ್ದು! ಆ ಊರಿನಲ್ಲಿ ಹುಟ್ಟಿ ಬೆಳೆದವನು, ಆ ಮರ್ಯಾದೆಯಲ್ಲೇ ದಿನಾ ಬದುಕುವವನು, ಆ್ಯಪ್ ಯೋಚಿಸುವಾಗ ಮಾತ್ರ ಅದನ್ನು ಮರೆತಿದ್ದ. ಡೋರಿಸ್ ಕೂಡ ಹೇಳಿಹೋಗಿರಲಿಲ್ಲ. ಹೇಳುವ ವಿಷಯ ಎಂದು ಯಾರಿಗೆ ಅನಿಸುತ್ತದೆ? ತನ್ನ ಆ್ಯಪ್ ಹಾಗೇ ಬಂದಿದ್ದರೆ ಮಿಸೆಸ್ ಹಾಗನ್ ಚಳಿಗಾಲವಿಡೀ ಬೇಡ ಬೇಡ ಎಂದು ಒತ್ತಿ ಮನೆಯಲ್ಲೇ ಕುಳಿತಿರುತ್ತಿದ್ದರು. ಕಂಪ್ಯೂಟರು, ಊರಿನಲ್ಲಿ ಯಾರಿಗೂ ಕಾರು ಬೇಕಿಲ್ಲ ಎಂದು ವರದಿ ಕೊಡುತ್ತಿತ್ತು.

ಹೆಂಡತಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಹೊಸ ಹಾಳೆಯಲ್ಲಿ ತಾನೇ ಬರೆದ: "ಮಂಗಳವಾರ ಆರ್ನಿ ಹೇಗೂ ಆಸ್ಪತ್ರೆ ಕಡೆಗೆ ಹೊರಟಿದ್ದಾನೆ. ಎಂಟಕ್ಕೆ ನಿಮ್ಮ ಮನೆ ಮುಂದೆ ನಿಲ್ಲುತ್ತಾನೆ." ಆರ್ನಿ ಆ ದಿನ ಕಾರು ಓಡಿಸಲು ಒಪ್ಪಿದ್ದವನು, ಹಾಗಾಗಿ ಸುಳ್ಳೇನಲ್ಲ. ಕೆಳಗಿನ ಚೌಕಗಳು: "ಸರಿ", "ಈ ಸಲ ಬರುವುದಿಲ್ಲ".

"ಹೇಗೂ ಹೊರಟಿದ್ದಾನೆ ಅಂದ್ರೆ ಸರಿ ಬಿಡು," ಎಂದು ಮಿಸೆಸ್ ಹಾಗನ್ ನಿಶ್ಚಿಂತೆಯಾಗಿ "ಸರಿ" ಎಂಬುದರ ಮೇಲೆ ಬೆರಳಿಟ್ಟರು.

ಆ ವಾರ ಗಂಡ ಹೆಂಡತಿ ಇನ್ನೂ ಐದು ಮನೆಗೆ ಹೋದರು. ಕಾರು ಬೇಕಿದ್ದ ಐವರಲ್ಲಿ ನಾಲ್ವರು ಹಳೆಯ ಹಾಳೆಗೆ "ಬೇಡ" ಎಂದೇ ಒತ್ತಿದರು. "ಬೇಕು" ಎಂದು ಒತ್ತಿದ ಐದನೆಯವನು ದೂರದ ಟೆಕ್ಸಾಸ್‌ನಿಂದ ಬಂದು ನೆಲೆಸಿದವನು, ಈ ಊರಿನ ಮರ್ಯಾದೆ ಅವನಿಗೆ ಅಂಟಿರಲಿಲ್ಲ. ಅಕ್ಷರ ಸಣ್ಣದು, ವಾಪಸು ಕರೆತರುವ ಮಾತೇ ಇಲ್ಲ ಎಂಬ ದೂರುಗಳೂ ಬಂದವು. ಹಾಳೆ ಹರಿದು ಹೊಸದು ಬರೆಯುವಾಗೆಲ್ಲ ಕರ್ಟ್‌ಗೆ ಖುಷಿಯೇ ಆಗತೊಡಗಿತು. ಮೂರನೆಯ ಮಾದರಿ ಎಲ್ಲರಿಗೂ ಒಪ್ಪಿಗೆಯಾದ ಮೇಲೆ ಕಟ್ಟಲು ಕುಳಿತ. ಏನು ಕಟ್ಟಬೇಕೆಂದು ಗೊತ್ತಿದ್ದುದರಿಂದ ಐದೇ ವಾರದಲ್ಲಿ ಮುಗಿಯಿತು.

ಆ ಚಳಿಗಾಲ ಲಾರ್ಕ್ ಬೇಯಿಂದ ಆಸ್ಪತ್ರೆಗೆ ಹೋಗಬೇಕಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಒಂದು ದಿನವೂ ಡಯಾಲಿಸಿಸ್ ತಪ್ಪಲಿಲ್ಲ. ಪಕ್ಕದ ಊರಿನವರು ಬಂದು, ನಿನ್ನ ಆ್ಯಪ್ ನಮಗೂ ಕೊಡು ಎಂದರು. ಕರ್ಟ್ ಎದೆಯುಬ್ಬಿಸಿ ಒಂದು ಕಟ್ಟು ಖಾಲಿ ಹಾಳೆ ಮತ್ತು ಪೆನ್ಸಿಲ್ ಅವರ ಕೈಗಿತ್ತ.

"ಆ್ಯಪ್ ಆಮೇಲೆ ಕೊಡ್ತೀನಿ. ಮೊದಲು ನಿಮ್ಮೂರಿನ ಅಜ್ಜಿಯರ ಹತ್ರ ಕೂತ್ಕೊಂಡು ಬನ್ನಿ. ನನ್ನ ಹೆಂಡತಿ ಕಲಿಸಿದ ವಿದ್ಯೆ ಇದು."

ಓದುಗರೇ, ನಿಮ್ಮ ಸಂಘಕ್ಕೋ ಶಾಲೆಗೋ ಆಸ್ಪತ್ರೆಗೋ ಯಾರಾದರೂ ಆ್ಯಪ್ ಮಾಡಿಕೊಡುತ್ತೇವೆ ಎಂದು ಬಂದರೆ, ಮೊದಲು ಮಾದರಿ ತೋರಿಸಿ ಎನ್ನಿ. ಅದನ್ನು ಬಳಸಬೇಕಾದವರ ಮುಂದಿಟ್ಟು, ಬೆರಳು ಎಲ್ಲಿ ಹೋಗುತ್ತದೆ ಎಂದು ಸುಮ್ಮನೆ ನೋಡಿ. ತಪ್ಪು ಕಂಡರೆ ನಾಚಬೇಡಿ, ಹೆಮ್ಮೆಪಡಿ. ಕಾಗದ ಹರಿದರೆ ಇನ್ನೊಂದು ಸಿಗುತ್ತದೆ. ಮಿಸೆಸ್ ಹಾಗನ್ ಇನ್ನೊಬ್ಬರು ಸಿಗುವುದಿಲ್ಲ.