ಮೂರನೆಯ ಗೂಡು

ಮಾಡ್ಯೂಲಿನ ಕೆಳತುದಿಯ ಕೊಂಡಿಗೆ ಬೆರಳು ಸಿಕ್ಕಿಸಿದ ಶಿವಸ್ವಾಮಿ ಅದನ್ನು ಎಳೆಯಲಿಲ್ಲ. ಎಳೆದಿದ್ದರೆ ಬಂದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಬೆನ್ನ ಹಿಂದೆ ಸಂಘಮಿತ್ರಾ ಇನ್ನೊಂದು ಮಾಡ್ಯೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು.

ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆ ಹಳೆಯ ಆಸಿಲೋಸ್ಕೋಪು ಮೇಜಿನ ಅರ್ಧವನ್ನು ತುಂಬಿಕೊಂಡಿತ್ತು. ಮೇಲೆ ಹಸಿರು ಪರದೆ, ಕೆಳಗೆ ಮಾಡ್ಯೂಲುಗಳನ್ನು ಹಾಕಿ ತೆಗೆಯಲು ಸಾಲಾಗಿ ನಾಲ್ಕು ಗೂಡು. ಎಡಗಡೆಯ ಎರಡು ಗೂಡಿಗೆ ಆಂಪ್ಲಿಫೈಯರ್ ಹಾಕಬೇಕು. ಹೊರಗಿನಿಂದ ಬಂದ ಸಿಗ್ನಲ್ಲನ್ನು ಹಿಗ್ಗಿಸಿ ಪರದೆಯ ಮೇಲಿನ ಬೆಳಕಿನ ಚುಕ್ಕಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು ಅದರ ಕೆಲಸ. ಬಲಗಡೆಯ ಎರಡಕ್ಕೆ ಟೈಮ್‌ಬೇಸ್. ಅದು ಅದೇ ಚುಕ್ಕಿಯನ್ನು ಎಡದಿಂದ ಬಲಕ್ಕೆ ಒಂದೇ ಹದದಲ್ಲಿ ನಡೆಸುತ್ತದೆ. ಎರಡೂ ಕೂಡಿದರೆ ಅಲೆ ಮೂಡುತ್ತದೆ. ಯಾವ ಗೂಡಿನಿಂದ ಹೊರಟದ್ದು ಪರದೆಗೆ ತಲುಪಬೇಕೆಂದು ಆರಿಸಿಕೊಳ್ಳುವುದಕ್ಕೆ ಮೇಲೆ ಒಂದಷ್ಟು ಗುಂಡಿಗಳು. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಶಿವಸ್ವಾಮಿ ಮತ್ತು ರಾಜೇಂದ್ರ ಇಪ್ಪತ್ತಾರು ವರ್ಷ ಹೊಸ ಹುಡುಗರಿಗೆ ಮೊದಲ ದಿನ ಹೇಳಿಕೊಟ್ಟ ಪಾಠ ಇದು.

ಈಗ ಮೂರನೆಯ ಗೂಡಿನಲ್ಲಿ ಟೈಮ್‌ಬೇಸ್ ಇರಲಿಲ್ಲ. ಅಲ್ಲಿಯೂ ಆಂಪ್ಲಿಫೈಯರ್ ಕೂತಿತ್ತು.

ರಾಜೇಂದ್ರ ತೀರಿಕೊಂಡದ್ದು ಪುಷ್ಯ ಮಾಸದಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಮರೆವು ಶುರುವಾಗಿತ್ತು. ಒಮ್ಮೆ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ತನ್ನೂರು ಹೆಮ್ಮಿಗೆಯ ಬಸ್ಸನ್ನು ಬಿಟ್ಟು ಕೊಳ್ಳೇಗಾಲದ ಬಸ್ಸು ಹತ್ತಿದ್ದ. ಹೆಂಡತಿ ಇಂದ್ರಾಣಿಯನ್ನು ತನ್ನ ತಾಯಿಯ ಹೆಸರು ಹಿಡಿದು ಸಾಕಮ್ಮ ಎಂದು ಕರೆಯುತ್ತಿದ್ದ. ಕೊನೆಯ ಮೂರು ತಿಂಗಳು, ಕಾಲೇಜಿನವರು ಹರಾಜು ಹಾಕಿದಾಗ ತಾನೇ ಕೂಗಿ ತಂದಿದ್ದ ಈ ಯಂತ್ರದ ಕೋಣೆಗೆ ಮಗಳು ಸಂಘಮಿತ್ರಾ ಬೀಗ ಹಾಕಿದ್ದಳು. ನರಸೀಪುರದ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಮನೆಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

ತಂದೆ ಹೋದ ಮೇಲೆ ಆ ಬೀಗ ಅವಳನ್ನು ಕಾಡತೊಡಗಿತು. ಕೋಣೆ ತೆಗೆದು ನೋಡಿದಳು. ಮೂರನೆಯ ಗೂಡಿನ ಮೇಲಿದ್ದ ಅಕ್ಷರವನ್ನೂ ಒಳಗಿದ್ದ ಮಾಡ್ಯೂಲಿನ ಹೆಸರನ್ನೂ ಓದಿ, ಶಿವಸ್ವಾಮಿಗೆ ಫೋನು ಮಾಡಿ, ಹೀಗೆ ಹಾಕುವುದು ಸರಿಯೋ ತಪ್ಪೋ ಎಂದು ಕೇಳಿದಳು. ಶಿವಸ್ವಾಮಿ ಆಗ ನಂಜನಗೂಡಿನ ದೇವಸ್ಥಾನದಲ್ಲಿ ಸೋಮವಾರದ ಸಾಲಿನಲ್ಲಿ ನಿಂತಿದ್ದ. ಅಂಥ ತಪ್ಪನ್ನು ಹೊಸ ಹುಡುಗರು ಮಾಡುತ್ತಾರೆ, ಪಾಪ, ಅವನಿಗೆ ಮರೆವು ಬಂದಿತ್ತಲ್ಲ ಎಂದುಬಿಟ್ಟ. ಸಾಲು ಮುಂದೆ ಸರಿಯುತ್ತಿತ್ತು.

"ನೀವು ಅಂಗಂದ ಮೇಲೇ ಮಾಮ, ನಂಗೆ ನಿದ್ದೆ ಬರೋಕೆ ಶುರುವಾಗಿದ್ದು" ಎಂದು ಅವಳು ಈ ಮಧ್ಯಾಹ್ನ ಅವನು ಬಂದ ಕೂಡಲೇ ಹೇಳಿದ್ದಳು. ಯಂತ್ರವನ್ನು ಅವಳು ಶಾಲೆಗೆ ಕೊಡಬೇಕೆಂದಿದ್ದಳು. ಅದಕ್ಕೆ ಮೊದಲು ಮಾಡ್ಯೂಲುಗಳನ್ನು ಸರಿಯಾದ ಗೂಡಿಗೆ ಹಾಕಿಕೊಡಿ ಎಂದು ಕರೆಸಿದ್ದಳು.

ಕೊಂಡಿಯ ಮೇಲೆ ಬೆರಳು ಇಟ್ಟುಕೊಂಡೇ ಶಿವಸ್ವಾಮಿ ಮೇಲಿನ ಗುಂಡಿಗಳನ್ನು ನೋಡಿದ. ಒಂದು ಸಾಲಿನಲ್ಲಿ ಮೊದಲನೆಯ ಗೂಡಿನ ಗುಂಡಿ ಒತ್ತಿತ್ತು. ಇನ್ನೊಂದು ಸಾಲಿನಲ್ಲಿ ಮೂರನೆಯದು. ಎರಡೂ ಆಂಪ್ಲಿಫೈಯರಿನ ತಿರುಗುಗುಂಡಿಗಳು ಒಂದೇ ಅಂಕಿಯ ಮೇಲೆ ನಿಂತಿದ್ದವು. ಎರಡರಿಂದಲೂ ಹೊರಟ ವೈರುಗಳು ಮೇಜಿನ ಮೂಲೆಯ ಒಂದು ಚಿಕ್ಕ ಹಲಗೆಗೆ ಹೋಗಿದ್ದವು. ಹಲಗೆಯ ಮೇಲೆ ಒಂದು ಟ್ರಾನ್ಸ್‌ಫಾರ್ಮರ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಬೆಸುಗೆ ಅಚ್ಚುಕಟ್ಟಾಗಿತ್ತು. ಸಂಘಮಿತ್ರಾಳ ಕೈಯಲ್ಲಿದ್ದ ಟೈಮ್‌ಬೇಸಿನ ಹಿಂಬದಿಯ ಹಲ್ಲುಗಳಿಗೆ ಧೂಳು ಕೂರದಂತೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು.

"ಬೀಗ ಹಾಕಿದ್ದು ಯಾವತ್ತವ್ವ?" ಎಂದು ಕೇಳಿದ.

ಅವಳು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಆಯುಧಪೂಜೆಯ ದಿನ. ಶಾಲೆಗೆ ರಜೆ. ಸಂಜೆ ನೋಡಿದರೆ ಯಂತ್ರ ಉರಿಯುತ್ತಿದೆ, ಮುಟ್ಟಿದರೆ ಬಿಸಿ. ಅಪ್ಪ ಎದುರಿಗೆ ಸುಮ್ಮನೆ ಕೂತಿದ್ದಾರೆ. ಆರಿಸಿ ಎಂದರೆ ಕೇಳಲಿಲ್ಲ. ಏಕೆ ಎಂದರೆ ಹೇಳಲು ಮಾತು ಬರಲಿಲ್ಲ.

"ಬೆಳಿಗ್ಗೆ ಆರಿಸ್ತೀನಿ, ಬೆಳಿಗ್ಗೆ ಆರಿಸ್ತೀನಿ. ಬರೀ ಅದೇ ಮಾಮ. ಮನೆ ಸುಟ್ಟೋದ್ರೆ ಅಂತ ನಾನೇ ಪ್ಲಗ್ ಕಿತ್ತೆ. ಆಮೇಲೆ ದಿನಾ ಬೆಳಿಗ್ಗೆ ಬಂದು ಬೀಗ ಇಡ್ಕೊಂಡು ನಿಂತ್ಕೊಳೋರು."

ಶಿವಸ್ವಾಮಿ ಕೊಂಡಿಯಿಂದ ಕೈ ತೆಗೆದು ಸ್ಟೂಲಿನ ಮೇಲೆ ಕೂತ.

ಲ್ಯಾಬಿನಲ್ಲಿ ಪ್ರತಿ ವರ್ಷ ಆಯುಧಪೂಜೆಯ ದಿನ ಅವನು ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ, ಹೂವಿಟ್ಟು, ಕಡಲೆಪುರಿ ಹಂಚುತ್ತಿದ್ದ. ರಾಜೇಂದ್ರ ತಂದೆ ದೊಡ್ಡಮಾದಯ್ಯನ ಕಾಲದಿಂದ ಬುದ್ಧನ ದಾರಿ ಹಿಡಿದ ಮನೆಯವನು. ಪೂಜೆಗೆ ಕೈ ಹಾಕುತ್ತಿರಲಿಲ್ಲ, ದೂರವೂ ಉಳಿಯುತ್ತಿರಲಿಲ್ಲ. ಒಂದು ಯಂತ್ರದ ಟೈಮ್‌ಬೇಸನ್ನು ಕಿತ್ತು, ಆ ಗೂಡಿಗೂ ಆಂಪ್ಲಿಫೈಯರ್ ಹಾಕುತ್ತಿದ್ದ. ಇಂಥದೇ ಒಂದು ಚಿಕ್ಕ ಹಲಗೆಯಿಂದ ಹೊರಟ ಒಂದು ಸಿಗ್ನಲ್ಲು ಚುಕ್ಕಿಯನ್ನು ಮೇಲೆ ಕೆಳಗೆ ಆಡಿಸಿದರೆ, ಕಾಲು ಸುತ್ತು ಹಿಂದೆ ಬಿದ್ದ ಇನ್ನೊಂದು ಅದನ್ನೇ ಎಡಕ್ಕೂ ಬಲಕ್ಕೂ ಆಡಿಸುತ್ತಿತ್ತು. ಪರದೆಯ ಮೇಲೆ ಹಸಿರು ಚಕ್ರ ನಿಲ್ಲುತ್ತಿತ್ತು. "ವಿಭೂತಿ ನಿಮ್ದು, ಚಕ್ರ ನಮ್ದು. ಕಡಲೆಪುರಿ ಮಾತ್ರ ಇಬ್ರುದೂ ಸ್ವಾಮಿ" ಎನ್ನುತ್ತಿದ್ದ. ಮೊದಲ ವರ್ಷ ಶಿವಸ್ವಾಮಿ ಮುಖ ಗಂಟು ಹಾಕಿಕೊಂಡಿದ್ದ. ಮೂರನೆಯ ವರ್ಷ ಚಕ್ರ ಮೂಡುವವರೆಗೆ ಮಂಗಳಾರತಿ ಎತ್ತದೆ ಕಾದಿದ್ದ. ಚಕ್ರವನ್ನು ಅಂದು ಆರಿಸುತ್ತಿರಲಿಲ್ಲ. ವಿಜಯದಶಮಿಯ ಬೆಳಿಗ್ಗೆ ರಾಜೇಂದ್ರನೇ ಬಂದು ಆರಿಸುತ್ತಿದ್ದ.

ಇಪ್ಪತ್ತಾರು ವರ್ಷ ಕಣ್ಣಾರೆ ಕಂಡದ್ದು. ಫೋನಿನಲ್ಲಿ ಅವಳು ಕೇಳಿದಾಗ ಅದೊಂದೂ ತಲೆಗೆ ಬಂದಿರಲಿಲ್ಲ.

ಇನ್ನೂ ಕೊಂಡಿಯನ್ನು ಎಳೆಯಬಹುದಾಗಿತ್ತು. ಎಳೆದರೆ ಈ ಮಗು ಇಂದು ಮಲಗಿ ನಿದ್ದೆ ಮಾಡುತ್ತದೆ. ನಾನು ಸುಳ್ಳಾಡಲಿಲ್ಲ, ಸುಮ್ಮನಿದ್ದೆ ಅಷ್ಟೆ ಎಂದು ನಾಳೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಹೇಳಿಕೊಳ್ಳಬಹುದೇ ಎಂದು ಯೋಚಿಸಿದ. ಮೂರು ತಿಂಗಳು ಬೀಗ ಹಿಡಿದು ನಿಂತವನಿಗೆ ಏನು ಹೇಳುವುದು ಎಂದೂ ಯೋಚಿಸಿದ.

ಇಂದ್ರಾಣಿ ಟೀ ತಂದಳು. "ಏನ್ ಸ್ವಾಮೇರೆ, ಬಂದಾಗ್ನಿಂದ ಬಗ್ಗೇ ಇದ್ರಿ, ಈಗ ಕುಂತ್ಬುಟ್ರಿ. ಸೊಂಟ ಇಡ್ಕಂಡ್ರೆ ನಂಜನಗೂಡ್ಗೆ ಒತ್ಕಂಡ್ ಓಗೋರ್ಯಾರು?"

"ನಿನ್ ಗಂಡ ಇದ್ದಿದ್ರೆ ಒತ್ಕಂಡ್ ಓಗೋನು ಕಣವ್ವ" ಎಂದು ಶಿವಸ್ವಾಮಿ ಎದ್ದ.

ಯಾವ ಗುಂಡಿಯನ್ನೂ ತಿರುಗಿಸಲಿಲ್ಲ. ಯಂತ್ರದ್ದೂ ಹಲಗೆಯದೂ ಎರಡು ಪ್ಲಗ್ಗುಗಳನ್ನು ಗೋಡೆಗೆ ಸಿಕ್ಕಿಸಿ ಸ್ವಿಚ್ಚು ಎತ್ತಿದ. ಫ್ಯಾನು ಕೆಮ್ಮಿ ತಿರುಗಿತು. ಬಿಸಿ ಧೂಳಿನ ವಾಸನೆ ಬಂತು. ಬಹಳ ಹೊತ್ತು ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಒಂದು ಮಂಕು ಗೆರೆ ಮೂಡಿ, ಮೊಟ್ಟೆಯಂತೆ ಉಬ್ಬಿ, ಯಂತ್ರ ಕಾದಂತೆ ಮೆಲ್ಲನೆ ದುಂಡಗಾಗಿ ನಿಂತಿತು.

ಸಂಘಮಿತ್ರಾ ಕೈಯಲ್ಲಿದ್ದ ಟೈಮ್‌ಬೇಸನ್ನು ಮೇಜಿನ ಮೇಲಿಟ್ಟಳು. ಶಿವಸ್ವಾಮಿ ಲ್ಯಾಬಿನ ಆಯುಧಪೂಜೆಯನ್ನು ಹೇಳಿದ. ಬೆಳಿಗ್ಗೆ ಆರಿಸುತ್ತಿದ್ದುದನ್ನೂ ಹೇಳಿದ.

"ಅವನು ಮರೀತಿದ್ದಿದ್ದು ನಿಜ ಕಣವ್ವ. ಡಾಕ್ಟ್ರು ಸುಳ್ಳೇಳ್ಳಿಲ್ಲ, ನೀನು ಎದ್ರಿದ್ದೂ ತಪ್ಪಲ್ಲ. ಆದ್ರೆ ಇದನ್ನ ಅವನು ಮರ್ತಿರ್ಲಿಲ್ಲ. ಮರ್ತಿದ್ದು ನಾನು."

ಅವಳು ಪರದೆಯ ಹತ್ತಿರಕ್ಕೆ ಬಗ್ಗಿದಳು. "ನಾನು ಒಂದ್ಸಲ ಪರದೆ ನೋಡ್ಬೋದಿತ್ತು ಮಾಮ. ಪ್ಲಗ್ ಮಾತ್ರ ನೋಡ್ದೆ" ಎಂದಳು. ಶಿವಸ್ವಾಮಿ ಲೋಟ ಎತ್ತಿಕೊಂಡ. ಟೀ ಆರಿತ್ತು. ಅದನ್ನೇ ಕುಡಿದ.

ಸಾಯಂಕಾಲದ ಬಿಸಿಲು ಕಿಟಕಿಯಿಂದ ನೇರ ಪರದೆಯ ಮೇಲೆ ಬಿದ್ದು ಚಕ್ರ ಮಸುಕಾಯಿತು. ನರಸೀಪುರದ ಬಸ್ಸಿಗೆ ಹೊತ್ತಾಗಿತ್ತು. ಹೊರಡುವ ಮುನ್ನ ಶಿವಸ್ವಾಮಿ ಹಳೆಯ ಅಭ್ಯಾಸದಂತೆ ಸ್ವಿಚ್ಚಿಗೆ ಕೈ ಚಾಚಿದ.

"ಇರ್ಲಿ ಬುಡಿ ಮಾಮ" ಎಂದಳು ಸಂಘಮಿತ್ರಾ. "ಬೆಳಿಗ್ಗೆ ಆರಿಸ್ತೀನಿ."

ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟುತ್ತ ಅವನು ಒಮ್ಮೆ ಹಿಂದಿರುಗಿ ನೋಡಿದ. ಬೀಗ ಬಾಗಿಲಿನ ಚಿಲಕದಲ್ಲಿ ತೆರೆದೇ ನೇತಾಡುತ್ತಿತ್ತು. ಒಳಗೆ ಇಂದ್ರಾಣಿ ಕಿಟಕಿಗೆ ಬೆನ್ನು ಮಾಡಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಪರದೆಗೆ ಬೀಳುವ ಬಿಸಿಲಿಗೆ ಅಡ್ಡವಾಗಿ ಹಿಡಿದು ನಿಂತಿದ್ದಳು.