ಮೇಷ್ಟ್ರ ತಲೆ ಎಷ್ಟು ಸೆಂಟಿಮೀಟರ್?

ನಮ್ಮ ಬೀದಿಯ ಟೋಪಿ ಅಂಗಡಿಗೆ ಗಿರಾಕಿ ಬಂದು ಎಷ್ಟು ಕಾಲವಾಗಿತ್ತೆಂದರೆ, ಬಾಗಿಲಿಗೆ ಕಟ್ಟಿದ್ದ ಗಂಟೆ ತನ್ನ ಸದ್ದನ್ನೇ ಮರೆತುಬಿಟ್ಟಿತ್ತು. ಒಮ್ಮೆ ಗಾಳಿಗೆ ಬಾಗಿಲು ತೆರೆದುಕೊಂಡಾಗ ಅದು ಕೆಮ್ಮಿತು ಎಂದು ಪಕ್ಕದ ಕ್ಷೌರದಂಗಡಿಯವನು ಹೇಳುತ್ತಾನೆ. ಅವನು ಸುಳ್ಳು ಹೇಳುವವನಲ್ಲ. ಹೇಳಿದರೂ, ಅವನ ಕೈಯಲ್ಲಿ ಕತ್ತಿ ಇರುವಾಗ ಯಾರೂ ಎದುರಾಡುವುದಿಲ್ಲ.

ಅಂಗಡಿಯ ಯಜಮಾನ ಒತ್ತಿದ ಉಣ್ಣೆಯನ್ನು ಹಬೆಗೆ ಹಿಡಿದು, ಮರದ ತಲೆಯ ಮೇಲೆ ಎಳೆದು ಟೋಪಿ ಮಾಡುತ್ತಿದ್ದ. ಒಳಗಿನ ಅಸ್ತರನ್ನು ಹೆಂಡತಿ ಹೊಲಿಯುತ್ತಿದ್ದಳು. ಗೋಡೆಯ ತುಂಬ ಮರದ ತಲೆಗಳು. ಟೇಪು ಹಿಡಿದು ಅಳೆಯುವ ಪದ್ಧತಿ ಆ ಮನೆತನದಲ್ಲಿ ಇರಲಿಲ್ಲ. ಒಂದೊಂದು ಮರದ ತಲೆಗೂ ಒಬ್ಬೊಬ್ಬ ಹಳೇ ಗಿರಾಕಿಯ ಹೆಸರು. ಅಂಚೆಯಣ್ಣ, ಮೇಷ್ಟ್ರು, ಕಾಂಪೌಂಡರ್, ವಕೀಲರು. ಹೊಸಬ ಯಾರಾದರೂ ಬಂದರೆ ಯಜಮಾನ ಕಣ್ಣು ಕಿರಿದು ಮಾಡಿ ನೋಡಿ, "ನಿಮ್ದು ಕಾಂಪೌಂಡರ್ ತಲೆ" ಎಂದು ಹೇಳಿ ಟೋಪಿ ಇಳಿಸುತ್ತಿದ್ದ. ಅದು ಹುಟ್ಟುವಾಗಲೇ ಜೊತೆಗೆ ಬಂದಂತೆ ಕೂರುತ್ತಿತ್ತು.

ಆಮೇಲೆ ಅಂಚೆಯಣ್ಣ ತೀರಿಕೊಂಡ. ವಕೀಲರೂ ಹೋದರು. ಮೇಷ್ಟ್ರು ಮಗಳ ಊರಿಗೆ ಹೋದವರು ಸುದ್ದಿಯಿಲ್ಲ. ಅವರ ತಲೆಗಳು ಮಾತ್ರ ಗೋಡೆಯ ಮೇಲೆ ಕೂತು ಬಾಗಿಲು ನೋಡುತ್ತಿದ್ದವು. ಬೀದಿಯವರು ಬೇಕಾದ್ದನ್ನೆಲ್ಲ ಫೋನಿನಲ್ಲೇ ತರಿಸಿಕೊಳ್ಳತೊಡಗಿದರು. ಟೋಪಿಯನ್ನೂ.

"ರೀ, ನಾವೂ ಫೋನಲ್ಲೇ ಮಾರೋಣ" ಎಂದಳು ಹೆಂಡತಿ. "ನನ್ನ ತಂಗಿ ಅದೇ ಕೆಲಸ ಮಾಡೋದು. ಮಾಲಿನ ಫೋಟೋ ತೆಗೆದು, ವಿವರ ಬರೆದು, ಆನ್‌ಲೈನ್ ಅಂಗಡೀಲಿ ಸರಿಯಾಗಿ ಪಟ್ಟಿ ಮಾಡಿಕೊಡ್ತಾಳೆ. ಲಿಸ್ಟಿಂಗ್ ಅಂತಾರೆ. ಕರೆಸ್ಲಾ?"

"ನನ್ನ ಟೋಪಿ ಬಗ್ಗೆ ಬರಿಯೋಕೆ ನಿನ್ನ ತಂಗಿ ಬೇಕಾ? ಟೋಪಿ ಅಂತ ಬರೆಯೋಕೆ ಎರಡೇ ಅಕ್ಷರ. ನನಗೂ ಬರುತ್ತೆ."

ಹಾಗೆ ಅವನೇ ಬರೆದ. ಎರಡೇ ಅಕ್ಷರ ಬರೆದ.

ಉಳಿದ ಕಡೆಗಳಲ್ಲೂ ಜಿಪುಣತನ ಮಾಡಲಿಲ್ಲ. ಬಣ್ಣ ಎಂದು ಕೇಳಿದ ಕಡೆ "ಮಾಮೂಲಿ" ಎಂದು ತುಂಬಿದ. ವಿವರ ಕೇಳಿದ ಕಡೆ "ಬಂದು ನೋಡಿ ತೃಪ್ತರಾಗಿ" ಎಂದು ತುಂಬಿದ. ಅಳತೆಯ ಜಾಗದಲ್ಲಿ "ಮೇಷ್ಟ್ರ ತಲೆ, ಕಾಂಪೌಂಡರ್ ತಲೆ, ಅಂಚೆಯಣ್ಣನ ತಲೆ" ಎಂದು ಬರೆದ. ಫೋಟೋಗೆ ಟೋಪಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟ, ಏಕೆಂದರೆ ಟೋಪಿಯವರು ಯಾರೂ ಟೋಪಿಯನ್ನು ಅಂಚಿನ ಮೇಲೆ ಇಡುವುದಿಲ್ಲ. ಇಟ್ಟರೆ ಅಂಚು ಸೊಟ್ಟಗಾಗುತ್ತದೆ. ನೆತ್ತಿ ಕೆಳಗೆ, ಬಾಯಿ ಮೇಲೆ. ಅದು ಮರ್ಯಾದೆ.

ಆ ಫೋಟೋ ನೋಡಿದ ಆನ್‌ಲೈನ್ ಅಂಗಡಿಯ ಯಂತ್ರ, "ಇದನ್ನು ಅಡುಗೆಮನೆ ಬುಟ್ಟಿಗಳ ಸಾಲಿನಲ್ಲಿ ಇಡಲೇ?" ಎಂದು ಕೇಳಿತು. ಯಜಮಾನ ಜೀವಮಾನದಲ್ಲಿ ಗಿರಾಕಿಗೆ ಇಲ್ಲ ಎಂದವನಲ್ಲ. ಯಂತ್ರಕ್ಕೂ ಹೂಂ ಎಂದ.

ಮೊದಲ ಆರ್ಡರ್ ಬಂದ ದಿನ ಗಂಡ ಹೆಂಡತಿ ಇಬ್ಬರೂ ಸೇರಿ ಡಬ್ಬಿಗೆ ದಾರ ಕಟ್ಟಿದರು. ಕೊಂಡಾಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಳು. ಕೆಳಗೆ ಹೀಗೆ ಬರೆದಿದ್ದಳು: "ಈರುಳ್ಳಿ ಇಡೋಕೆ ಬಹಳ ಚೆನ್ನಾಗಿದೆ. ಬೆಚ್ಚಗಿರುತ್ತೆ."

ಆಕೆಯೊಬ್ಬಳೇ ಸಂತೋಷಪಟ್ಟವಳು. ಉಳಿದವರ ಡಬ್ಬಿಗಳು ಹೋದ ದಾರಿಯಲ್ಲೇ ತಿರುಗಿ ಬಂದವು. ಒಬ್ಬ ಬರೆದಿದ್ದ: "ನಮ್ಮೂರ ಮೇಷ್ಟ್ರ ತಲೆಗೆ ಹಾಕಿ ನೋಡಿದೆ. ಮೂಗಿನವರೆಗೂ ಇಳಿಯಿತು. ಮೇಷ್ಟ್ರು ಈಗ ನನ್ನ ಜೊತೆ ಮಾತಾಡುತ್ತಿಲ್ಲ." ಇನ್ನೊಬ್ಬ, "ಬುಟ್ಟಿ ಅಂತ ತರಿಸಿದೆ. ಟೋಪಿ ಹಾಕಿದರು" ಎಂದು ಬರೆದಿದ್ದ. ಯಜಮಾನ ಅದನ್ನು ಮತ್ತೆ ಮತ್ತೆ ಓದಿದ. ಟೋಪಿಯವನಿಗೆ ಹೀಗೆ ಬೈದರೆ ಎದುರುತ್ತರ ಏನು ಕೊಡಬೇಕೆಂದು ಅವನ ಅಪ್ಪ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಆನ್‌ಲೈನ್ ಅಂಗಡಿಯವರ ಎಚ್ಚರಿಕೆ ಬಂತು: ಇನ್ನೊಂದು ಮಾಲು ವಾಪಸ್ ಬಂದರೆ ನಿಮ್ಮ ಮಳಿಗೆಯನ್ನು ತೆಗೆದುಹಾಕುತ್ತೇವೆ.

ಅಂದಿನಿಂದ ಯಜಮಾನ ಒಲೆ ಹಚ್ಚಲಿಲ್ಲ. ಹಬೆಯ ಪಾತ್ರೆಯಲ್ಲಿ ನೀರು ನಿಂತೇ ಇತ್ತು. ಅವನು ಸ್ಟೂಲಿನ ಮೇಲೆ ಕೂತು, ಗೋಡೆಯ ತಲೆಗಳ ಎದುರು ಇನ್ನೊಂದು ಮರದ ತಲೆಯಾದ. ಧೂಳು ಒರೆಸುವಾಗ ಹೆಂಡತಿ ತಪ್ಪಿ ಅವನನ್ನೂ ಒರೆಸಿದಳಂತೆ. ಅವನು ಮಿಸುಕಲಿಲ್ಲವಂತೆ.

ಒಂದು ಬೆಳಿಗ್ಗೆ ಕಟ್ಟಿಗೆ ಡಿಪೋದವನು ಬಂದ. ಯಜಮಾನನೇ ಕರೆಸಿದ್ದ. ಅವನು ಮೇಷ್ಟ್ರ ತಲೆ ಇಳಿಸಿ, ಬೆರಳಲ್ಲಿ ತಟ್ಟಿ ನೋಡಿದ.

"ಒಳಗೆ ಟೊಳ್ಳಾ?"

"ಗಟ್ಟಿ ಇದೆ" ಎಂದ ಯಜಮಾನ. "ಮೇಷ್ಟ್ರದು."

"ಒಣಗಿದೆ. ಚೆನ್ನಾಗಿ ಉರಿಯುತ್ತೆ. ಗಾಡಿ ತಗೊಂಡು ಬರ್ತೀನಿ."

ಅವನು ಹೋದ ಮೇಲೆ ಹೆಂಡತಿ ಕೇಳಿದಳು, "ಎಲ್ಲಾ ತಲೆ ಕೊಟ್ಟುಬಿಟ್ಟು ಏನು ಮಾಡ್ತೀರಿ?"

"ಗೋದಾಮಿನಲ್ಲಿ ಗೇಟು ಕಾಯೋ ಕೆಲಸ ಇದೆ. ಮಾತಾಡಿಕೊಂಡು ಬಂದೆ." ಅವನು ನೆಲ ನೋಡುತ್ತ ಹೇಳಿದ, "ಬಟ್ಟೆ ಅವರೇ ಕೊಡ್ತಾರೆ. ಟೋಪೀನೂ ಕೊಡ್ತಾರಂತೆ."

ಹೆಂಡತಿ ಒಳಗೆ ಹೋಗಿ ತಂಗಿಗೆ ಫೋನು ಮಾಡಿದಳು. ಮೂಗು ಸೀಟಿದ್ದು ಕೇಳಿಸಿಯೇ ತಂಗಿ ಬಸ್ಸು ಹತ್ತಿದಳು.

ಬಂದವಳು ಮೊದಲು ಫೋನಿನಲ್ಲಿ ಭಾವನ ಮಳಿಗೆ ನೋಡಿದಳು. ಅವಳು ನಗುತ್ತಾಳೆ ಎಂದು ಯಜಮಾನ ಕಾದ. ಅವಳು ನಗಲಿಲ್ಲ. ಅವನಿಗೆ ಇನ್ನೂ ಹೆದರಿಕೆಯಾಯಿತು.

"ಭಾವ, ಇದನ್ನ ಯಾಕೆ ಅಂಗಾತ ಮಲಗಿಸಿದೀರಾ?"

"ಅಂಚು ಸೊಟ್ಟಗಾಗಬಾರ್ದು ಅಂತ."

"ಫೋಟೋದಲ್ಲಿ ಅಂಚು ಸೊಟ್ಟಗಾಗಲ್ಲ ಭಾವ."

ಯಜಮಾನ ಫೋನು ಇಸಿದುಕೊಂಡು ಫೋಟೋವನ್ನು ಮತ್ತೊಮ್ಮೆ ನೋಡಿದ. ಇದನ್ನು ಅವನು ಯೋಚಿಸಿಯೇ ಇರಲಿಲ್ಲ.

"ಇದು ಯಾರ ತಲೆ, ಮೇಷ್ಟ್ರ ತಲೆ?"

"ಮೇಷ್ಟ್ರು ಗೊತ್ತಿಲ್ವಾ ನಿನಗೆ? ದಪ್ಪ ಕನ್ನಡಕ..."

"ನನಗೆ ಗೊತ್ತು ಭಾವ. ಕೊಳ್ಳೋರಿಗೆ ಎಲ್ಲಿ ಗೊತ್ತು? ಅಂಗಡಿಗೆ ಬಂದೋರು ಮುಟ್ಟಿ ನೋಡ್ತಾರೆ, ತಲೆಗಿಟ್ಟು ನೋಡ್ತಾರೆ, ನಿಮ್ಮನ್ನ ನಾಲ್ಕು ಮಾತು ಕೇಳ್ತಾರೆ. ಫೋನಲ್ಲಿ ನೋಡೋರಿಗೆ ಮುಟ್ಟೋಕೆ ಟೋಪಿ ಇಲ್ಲ, ಕೇಳೋಕೆ ನೀವಿಲ್ಲ. ಬರೆದಿದ್ದೇ ಟೋಪಿ ಅವರಿಗೆ."

"ಅಂದ್ರೆ ನೀನು ಬಣ್ಣ ಕಟ್ಟಿ ಬರೀತೀಯ. ಆಕಾಶದಿಂದ ಇಳಿದು ಬಂದ ಟೋಪಿ ಅಂತ."

"ಹಾಗೆ ಬರೆದ್ರೂ ಮಾಲು ವಾಪಸ್ ಬರುತ್ತೆ. ಅರ್ಧಂಬರ್ಧ ಬರೆದ್ರೂ ಬರುತ್ತೆ, ನಿಮ್ದು ಬಂದ ಹಾಗೆ. ಇರೋದನ್ನ ಪೂರ್ತಿ ಬರಿಯೋದು ನನ್ನ ಕೆಲಸ."

"ಇದಕ್ಕೆಲ್ಲ ನಮ್ಮ ಮಳಿಗೆ ಪಾಸ್‌ವರ್ಡ್ ಕೊಡಬೇಕಾ ನಿನಗೆ?"

"ನನಗೂ ಕೊಡಬೇಡಿ. ಮಳಿಗೆ ನಿಮ್ಮ ಹೆಸರಲ್ಲೇ ಇರಲಿ, ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರಲಿ. ನಾನು ಬರೆದುಕೊಡ್ತೀನಿ, ನೀವು ಓದಿ ಹಾಕಿ. ನಾಳೇನೇ ಮೊದಲನೇ ಪುಟಕ್ಕೆ ತರ್ತೀವಿ ಅಂತಲೋ, ಸುಳ್ಳು ಹೊಗಳಿಕೆ ಬರೆಸಿಕೊಡ್ತೀವಿ ಅಂತಲೋ ಯಾರಾದ್ರೂ ಬಂದ್ರೆ ಬಾಗಿಲು ತೋರ್ಸಿ."

"ಅವಳು ಹೇಳೋದು ಕೇಳ್ರೀ ಸ್ವಲ್ಪ" ಎಂದಳು ಹೆಂಡತಿ. "ಕಟ್ಟಿಗೆಯವನ ಮಾತು ಕೇಳ್ತೀರಿ, ನನ್ನ ತಂಗಿ ಮಾತು ಕೇಳೋಕಾಗಲ್ವಾ?"

ತಂಗಿ ಟೋಪಿಯನ್ನು ಅಕ್ಕನ ತಲೆಗೆ ಇಟ್ಟು, ಕಿಟಕಿಯ ಬೆಳಕಿಗೆ ನಿಲ್ಲಿಸಿ ಫೋಟೋ ತೆಗೆದಳು. ಎದುರಿಂದ, ಪಕ್ಕದಿಂದ, ಒಳಗಿನ ಅಸ್ತರು ಕಾಣುವಂತೆ. ಹೆಸರಿನ ಜಾಗದಲ್ಲಿ "ಹೆಂಗಸರ ಮತ್ತು ಗಂಡಸರ ಉಣ್ಣೆ ಟೋಪಿ, ಅಗಲ ಅಂಚು, ಬೂದು ಬಣ್ಣ, ಚಳಿಗೆ" ಎಂದು ಬರೆದಳು. "ಜನ ಹುಡುಕುವಾಗ ಯಾವ ಪದ ಒತ್ತುತ್ತಾರೋ ಅದು ಇಲ್ಲಿರಬೇಕು ಭಾವ. 'ಮಾಮೂಲಿ' ಅಂತ ಯಾರೂ ಹುಡುಕಲ್ಲ." ನೀರಿನಲ್ಲಿ ನೆನೆಸಬಾರದು, ಬ್ರಷ್‌ನಿಂದ ಒರೆಸಬೇಕು ಎಂದೂ ಬರೆದಳು. ಬುಟ್ಟಿಗಳ ಸಾಲಿನಿಂದ ಎತ್ತಿ ಟೋಪಿಗಳ ಸಾಲಿಗೆ ಹಾಕಿಸಿದಳು. ಆಮೇಲೆ ಚೀಲದಿಂದ ಟೇಪು ತೆಗೆದಳು.

"ಈಗ ತಲೆಗಳನ್ನ ಅಳೀಬೇಕು."

"ಆಗಲ್ಲ" ಎಂದ ಯಜಮಾನ. "ಮೇಷ್ಟ್ರಿಗೆ ನಂಬರ್ ಹಾಕೋದಾ?"

ನಾದಿನಿ ಟೇಪು ಚಾಚಿಕೊಂಡೇ ನಿಂತಳು. ಕೊನೆಗೆ ಅವನೇ ಎದ್ದು ಟೇಪು ಇಸಿದುಕೊಂಡ. ಮೇಷ್ಟ್ರು ಐವತ್ತೊಂಬತ್ತು ಸೆಂಟಿಮೀಟರ್. ಕಾಂಪೌಂಡರ್ ಐವತ್ತೈದು. ಅಂಚೆಯಣ್ಣ ಐವತ್ತೇಳು. ವಕೀಲರನ್ನು ಅಳೆದವನು ಅಲ್ಲೇ ನಿಂತ. ಮತ್ತೊಮ್ಮೆ ಅಳೆದ. ವಕೀಲರೂ ಐವತ್ತೇಳು.

"ಒಂದು ಗೋಡೆ ವಿಷಯಕ್ಕೆ ಇವರಿಬ್ಬರೂ ಸಾಯೋ ತನಕ ಮುಖ ನೋಡಲಿಲ್ಲ" ಎಂದ. "ಬದುಕಿದ್ದಾಗ ಗೊತ್ತಾಗಿದ್ರೆ ಇಬ್ಬರೂ ಟೋಪಿ ಹಾಕೋದು ಬಿಟ್ಟುಬಿಡ್ತಿದ್ರು."

ಗೋಡೆ ತುಂಬ ಇದ್ದ ಅಷ್ಟೊಂದು ಜನ ಕೊನೆಗೆ ಬೆರಳೆಣಿಕೆಯ ಅಳತೆಗಳಾದರು. ಯಜಮಾನ ಟೇಪನ್ನು ಸುತ್ತಿ ನಾದಿನಿಯ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿ ನಿಂತುಬಿಟ್ಟ.

ಇಷ್ಟಾದ ಮೇಲೆ ಆರ್ಡರ್‌ಗಳು ಮಳೆಯಂತೆ ಸುರಿದವು ಎಂದು ಹೇಳುವ ಆಸೆ ನನಗೂ ಇದೆ. ಸುರಿಯಲಿಲ್ಲ. ಹಳೇ ಬೈಗುಳಗಳು ಇನ್ನೂ ಹಾಗೇ ಇದ್ದವು, ಓದಿದವರು ಮುಂದೆ ಹೋಗುತ್ತಿದ್ದರು. ಅಂಗಡಿಯ ಬಾಡಿಗೆ ಕರಾರು ಮುಗಿಯಿತು. ಕಟ್ಟಿಗೆಯವನು ಗಾಡಿ ತಂದ. "ಅಳತೆಗೊಂದು ಇಟ್ಟುಕೊಂಡು ಮಿಕ್ಕಿದ್ದು ಕೊಡಿ ಭಾವ, ಮನೇಲಿ ಜಾಗ ಇಲ್ಲ" ಎಂದಳು ನಾದಿನಿ. ಅಂಚೆಯಣ್ಣನೋ ವಕೀಲರೋ ಎಂದು ಯಜಮಾನನಿಂದ ಆರಿಸಲಾಗಲಿಲ್ಲ. ಕಟ್ಟಿಗೆಯವನಿಗೆ ಹೊತ್ತಾಗುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ಯಾರು ಹೋದರು ಎಂದು ಯಜಮಾನ ನೋಡಲಿಲ್ಲ.

ಅವನು ಗೋದಾಮಿನ ಗೇಟಿಗೆ ಹೋಗತೊಡಗಿದ. ಅವರು ಕೊಟ್ಟ ಟೋಪಿ ಅವನ ತಲೆಗೆ ಚಿಕ್ಕದು. ಅಂತೂ ಹಾಕಿಕೊಳ್ಳುತ್ತಿದ್ದ.

ಅಂಥ ದಿನಗಳಲ್ಲಿ ಮಳಿಗೆಗೆ ಒಂದು ಪ್ರಶ್ನೆ ಬಂತು. ಯಾವುದೋ ಊರಿನ ಹೆಂಗಸು. "ಔಷಧಿಯಿಂದ ಕೂದಲೆಲ್ಲ ಉದುರಿದೆ. ಬೋಳು ತಲೆಗೆ ಒಳಗಿನ ಹೊಲಿಗೆ ಚುಚ್ಚುತ್ತಾ?"

ಹೆಂಡತಿ ಫೋನು ಹಿಡಿದುಕೊಂಡು ಕೂತುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಒಳಗಿನ ಹೊಲಿಗೆ ಅವಳದೇ. ಹತ್ತಿಯ ಅಸ್ತರು, ಗಂಟುಗಳೆಲ್ಲ ಮಡಿಕೆಯ ಒಳಗೆ. ಅದರ ಬಗ್ಗೆ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

"ಏನಂತ ಬರೀಲೇ?" ಎಂದು ತಂಗಿಗೆ ಫೋನು ಮಾಡಿ ಕೇಳಿದಳು.

"ಹೇಗೆ ಹೊಲಿದಿದೀಯೋ ಹಾಗೆ ಬರಿ ಅಕ್ಕ. ಬರೆದು, ಟೋಪಿ ವಿವರದಲ್ಲೂ ಸೇರಿಸು. ಒಬ್ಬರು ಕೇಳಿದ್ದನ್ನ ಇನ್ನೂ ಎಷ್ಟೋ ಜನ ಕೇಳದೇ ಹೋಗಿರ್ತಾರೆ."

ಬರೆದಳು. ಆರ್ಡರ್ ಬಂತು, ಐವತ್ತೈದರದು. ಟೋಪಿ ಹೊರಟಿತು.

ಅದು ವಾಪಸ್ ಬಂದರೆ ಮಳಿಗೆ ಮುಚ್ಚುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೀದಿಯಲ್ಲಿ ಡಬ್ಬಿ ತರುವವನ ಗಾಡಿ ಸದ್ದಾದರೆ ಅವಳು ಸೂಜಿ ಕೆಳಗಿಡುತ್ತಿದ್ದಳು. ಗೇಟಿನಲ್ಲಿ ಅದೇ ಗಾಡಿ ಕಂಡರೆ ಅವನು ಬೇರೆ ಕಡೆ ನೋಡುತ್ತಿದ್ದ. ವಾಪಸ್ ಮಾಡುವ ಗಡುವು ದಾಟಿತು. ಡಬ್ಬಿ ಬರಲಿಲ್ಲ. ಎರಡು ಸಾಲು ಬಂತು: "ಚುಚ್ಚಲಿಲ್ಲ. ತುಂಬಾ ದಿನದ ಮೇಲೆ ಕನ್ನಡಿ ನೋಡಿಕೊಂಡೆ."

ಯಜಮಾನ ಗೇಟಿನಿಂದ ಬಂದು, ಚಿಕ್ಕ ಟೋಪಿ ತೆಗೆದು, ಅದನ್ನು ಓದಿದ. "ನಿನ್ನ ತಂಗೀನ ಊಟಕ್ಕೆ ಕರಿ" ಎಂದ. ಆಮೇಲೆ ಅಂಗಡಿಯಿಂದ ತಂದಿಟ್ಟಿದ್ದ ಹಬೆಯ ಪಾತ್ರೆಯ ಧೂಳು ತೊಳೆದು ಹೊಸ ನೀರು ತುಂಬಿ, ಅಡುಗೆಮನೆಯ ಒಲೆಯ ಮೇಲಿಟ್ಟ.

ಈಗಲೂ ಅವನು ಗೇಟು ಕಾಯುತ್ತಾನೆ. ರಜೆಯ ದಿನ ಟೋಪಿ ಮಾಡುತ್ತಾನೆ. ಅಷ್ಟಿಷ್ಟು ಹೋಗುತ್ತವೆ, ಹೋದವು ಅಲ್ಲೇ ಉಳಿಯುತ್ತವೆ. ಬೀದಿಯ ಅಂಗಡಿ ಹೋಯಿತು, ಅದು ತಿರುಗಿ ಬರುವುದಿಲ್ಲ. ಸುಟ್ಟ ತಲೆಗಳೂ ಬರುವುದಿಲ್ಲ. "ನೀನು ಮೊದಲ ಸಲ ಕೇಳಿದಾಗಲೇ ಹೂಂ ಅನ್ನಬೇಕಿತ್ತು" ಎಂದು ಅವನು ಹೆಂಡತಿಗೆ ಹೇಳುತ್ತಾನೆ. ಅವಳು ಸೂಜಿಗೆ ದಾರ ಪೋಣಿಸುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಚೀಲ ಹೊಲಿಯುವವರಿರಬಹುದು, ಸಾಬೂನು ಮಾಡುವವರಿರಬಹುದು. ನಿಮ್ಮ ಮಾಲು ಚೆನ್ನಾಗಿಯೇ ಇರಬಹುದು. ಆದರೆ ದೂರದಲ್ಲಿ ಕೂತು ಕೊಳ್ಳುವವರಿಗೆ ನಿಮ್ಮ ಮುಖ ಗೊತ್ತಿಲ್ಲ, ನಿಮ್ಮ ಬೀದಿ ಗೊತ್ತಿಲ್ಲ. ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅಳತೆಯನ್ನು ಎಲ್ಲರಿಗೂ ತಿಳಿಯುವ ಲೆಕ್ಕದಲ್ಲಿ ಬರೆಯಿರಿ. ಯಾವುದರಿಂದ ಮಾಡಿದ್ದು, ಹೇಗೆ ನೋಡಿಕೊಳ್ಳಬೇಕು, ಎಲ್ಲವನ್ನೂ ಹೇಳಿ. ಬರೆಯಲು ಬಾರದಿದ್ದರೆ ಬಲ್ಲವರಿಂದ ಲಿಸ್ಟಿಂಗ್ ಮಾಡಿಸಿ. ಅವರು ಹಿಂದೆ ಮಾಡಿದ ಕೆಲಸ ತೋರಿಸಿ ಎಂದು ಕೇಳಿ, ಬರೆದದ್ದನ್ನು ಓದಿಸಿ ಕೇಳಿ, ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ.

ನಿಮ್ಮ ಕೈಯ ಕೆಲಸ ಬೇಕಾದವರು ಎಲ್ಲೋ ಇದ್ದಾರೆ, ಹುಡುಕುತ್ತಲೂ ಇದ್ದಾರೆ. ಅವರು ಸುಸ್ತಾಗಿ ಫೋನು ಕೆಳಗಿಡುವ ಮೊದಲು ಅವರಿಗೆ ಕಾಣಿಸಿಕೊಳ್ಳಿ.